ಅಬ್ಬಾ ಒಲೆ ಕಾಯ್ದ ಮಳೆಗಾಲ

ಆ ಕಾಲಕ್ಕೆ ಆಳಂದದಲ್ಲಿ ಮದುವೆ ನಿಶ್ಚಯವಾದ ಮನೆಯವರು ಬಂಗಾರದ ಅಂಗಡಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬರುತ್ತಿದ್ದರು, ಗಾದಿ ಹೇಳಲಿಕ್ಕೆ. ಹೊಸ ಜೋಡಿಗೆ ಹತ್ತಿಯ ಗಾದಿ, ತಲೆದಿಂಬು, ಒಂದು ರಜಾಯಿ ಇಲ್ಲದೆ ಯಾವ ಜಾತಿಯ ಮದುವೆಯೂ ಆಗುತ್ತಿರಲಿಲ್ಲ. ನಾವು ಪಿಂಜಾರರು. ಮುಂದಿನ ಕೋಣೆಯಲ್ಲಿ ಅಬ್ಬಾ ಹತ್ತಿ ಹಿಂಜುವ ಮಷೀನು, ಅದರ ಹಿಂದೆ ನಾವು ಮಲಗುವ ಕೋಣೆ, ಅದರ ಹಿಂದೆ ಅಮ್ಮಿಯ ಒಲೆ. ಹಿಂಜಿದ ಹತ್ತಿಗೆ ಒಂದು ವಾಸನೆ ಇರುತ್ತದೆ. ಒಣ ಮಣ್ಣು, ಹತ್ತಿಕಾಳಿನ ಎಣ್ಣೆ, ಬಿಸಿಲು ಮೂರೂ ಕೂಡಿದ ಹಾಗೆ. ನಮ್ಮ ಅಂಗಿ, ಪಾಟಿಚೀಲ, ಅಮ್ಮಿ ಬಡಿದ ಜೋಳದ ರೊಟ್ಟಿ ಎಲ್ಲಕ್ಕೂ ಅದೇ ವಾಸನೆ. ಸಾಲೆಯಲ್ಲಿ ಪಕ್ಕ ಕೂಡುವ ಹುಡುಗಿಯರು ನನ್ನ ಕೂದಲಿನಿಂದ ಹತ್ತಿಯ ಎಳೆ ಆರಿಸಿ, ಉಫ್ ಎಂದು ಊದಿ ಹಾರಿಸುತ್ತಿದ್ದರು. ನನಗೆ ಅದರಿಂದ ಬೇಸರವಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿದ್ದಂಥ ಆಟ ಅವರ ಯಾರ ಮನೆಯಲ್ಲೂ ಇರಲಿಲ್ಲ.

ಆಟವೆಂದರೆ ಹಾರುವುದು. ಹಿಂಜಿ ಗುಡ್ಡೆ ಹಾಕಿದ ಹತ್ತಿಯ ಮೇಲೆ ಕಟ್ಟೆಯಿಂದ ಜಿಗಿದರೆ ಬಿದ್ದದ್ದೇ ಗೊತ್ತಾಗದು. ಒಳಗೆ ಹೊಕ್ಕರೆ ಕತ್ತಲೆ, ತಂಪು, ಸದ್ದೇ ಇಲ್ಲ. ಮನೆಯಲ್ಲಿ ಎಲ್ಲರೂ ಮುನ್ನಿ ಎಂದು ಕರೆಯುತ್ತಿದ್ದ ನಾನು ಐದನೆಯ ಇಯತ್ತೆಯಲ್ಲಿದ್ದೆ. ತಮ್ಮ ರಿಯಾಜ್ ಆಗಷ್ಟೇ ಅಂಗನವಾಡಿ ಬಿಟ್ಟು ಒಂದನೆಯ ಇಯತ್ತೆಗೆ ಸೇರಲಿದ್ದ. ಅಬ್ಬಾ ಚಹಾ ಕುಡಿಯಲು ಹೊರಗೆ ಹೋದರೆಂದರೆ ಗುಡ್ಡೆ ನಮ್ಮದು.

ಮುಂದಿನದನ್ನು ಬರೆಯಬೇಡ ಎನ್ನುವವರು ಈಗಲೂ ಇದ್ದಾರೆ. ಮದುವೆಯಾದ ಹೆಣ್ಣುಮಗಳು, ಜೇವರ್ಗಿಯ ದವಾಖಾನೆಯಲ್ಲಿ ನರ್ಸ್ ಕೆಲಸ ಮಾಡುವವಳು, ಸಣ್ಣಾಕಿ ಇದ್ದಾಗ ನನ್ನ ತಲೆ ಕೆಟ್ಟಿತ್ತು ಎಂದು ತಾನೇ ಯಾಕೆ ಬರೆದುಕೊಳ್ಳಬೇಕು ಎನ್ನುತ್ತಾರೆ. ಕಾಲು ಮುರಿದಿತ್ತು ಎಂದು ಬರೆದರೆ ಇವರು ಯಾರೂ ಬೇಡ ಅನ್ನುತ್ತಿರಲಿಲ್ಲ. ಅದಕ್ಕೇ ಬರೆಯುತ್ತೇನೆ.

ಬೇಸಿಗೆಯ ಒಂದು ಮಧ್ಯಾಹ್ನ. ಮಷೀನು ನಿಲ್ಲಿಸಿ ಅಬ್ಬಾ ಹೊರಗೆ ಹೋಗಿದ್ದರು. ಅಮ್ಮಿ ಹಿಂದೆ ರೊಟ್ಟಿ ಬಡಿಯುತ್ತಿದ್ದಳು. ಆಡಿ ಆಡಿ ರಿಯಾಜ್‌ನ ಗಂಟಲು ಒಣಗಿತ್ತು.

"ಆಪಾ, ನೀರು ತಾ," ಎಂದ ಹತ್ತಿಯ ಒಳಗಿನಿಂದಲೇ.

ನಾನು ಒಳಗೆ ಹೋಗಿ ಕೊಡದಿಂದ ಒಂದು ಲೋಟ ನೀರು ತುಂಬಿಕೊಂಡು ಬಂದೆ. ಬಾಗಿಲಿಗೆ ಬರುವಷ್ಟರಲ್ಲಿ ಬೆಂಕಿ ಹತ್ತಿಯ ಮೇಲೆ ಹರಿಯುತ್ತಿತ್ತು. ಬೆಂಕಿ ಮೇಲಕ್ಕೆ ಏಳುತ್ತದೆ ಎಂದು ನಾನು ತಿಳಿದಿದ್ದೆ. ಹತ್ತಿಯ ಮೇಲೆ ಅದು ಏಳುವುದಿಲ್ಲ, ಓಡುತ್ತದೆ. ನನ್ನ ಕೈಯಲ್ಲಿ ಒಂದು ಲೋಟ ನೀರು ಇತ್ತು. ಅದನ್ನು ಎರಚಿದೆ. ಆಮೇಲೆ ಬರಿ ಲೋಟ ಹಿಡಿದು ನಿಂತೆ.

ಎದುರು ಮನೆಯ ಗಂಡಸರು ಬಂದು ರಿಯಾಜ್‌ನನ್ನು ಎಳೆದು ತೆಗೆದರು. ಅವನ ಬಲಗೈ, ಭುಜ, ಕುತ್ತಿಗೆಯ ಒಂದು ಬದಿ ಸುಟ್ಟಿತ್ತು. ಅವನನ್ನು ಗುಲಬರ್ಗಾದ ದೊಡ್ಡ ದವಾಖಾನೆಗೆ ಒಯ್ದರು. ಅಮ್ಮಿ ಅಲ್ಲೇ ಉಳಿದಳು. ನಾನು ಅಬ್ಬಾನ ತಾಯಿ ದಾದಿಮಾ ಜೊತೆ ಮನೆಯಲ್ಲಿ ಉಳಿದೆ. ನನಗೆ ಒಂದು ಗುಳ್ಳೆ ಕೂಡ ಎದ್ದಿರಲಿಲ್ಲ. ಬಂದವರೆಲ್ಲ ನನ್ನ ತಲೆ ಸವರಿ, "ಈಕಿ ಪಾರಾದಳು ನೋಡ್ರಿ, ಅಲ್ಲಾಹನ ದಯಾ," ಎಂದು ಹೇಳಿ ಹೋಗುತ್ತಿದ್ದರು.

ರಿಯಾಜ್ ಬದುಕಿದ. ಮಳೆ ಹಿಡಿಯುವ ಹೊತ್ತಿಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದ. ಅಷ್ಟು ದಿನ ತಡೆದಿದ್ದ ಮಾತುಗಳು ಅವತ್ತೇ ಶುರುವಾದವು.

"ರೊಟ್ಟಿ ಬಡಿಯೋದ ಹೆಚ್ಚಾತೇನು ನಿನಗ? ಮಕ್ಕಳ ಮ್ಯಾಲ ಒಂದು ಕಣ್ಣ ಇಡಾಕ ಆಗಲಿಲ್ಲೇನು?" ಎಂದರು ಅಬ್ಬಾ.

"ನಿಮ್ಮ ಬೀಡಿ ಎಲ್ಲಿ ಒಗೆದು ಹೋಗಿದ್ರಿ, ಅದನ್ನ ಮೊದಲ ಹೇಳ್ರಿ," ಎಂದಳು ಅಮ್ಮಿ.

"ನಾ ಮಷೀನ್ ಹತ್ರ ಎಂದಾದ್ರೂ ಬೀಡಿ ಸೇದೇನೇನು?"

"ನನಗೇನ ಗೊತ್ತು? ನಾ ಒಲಿ ಮುಂದ ಇದ್ದೆ."

ಬೆಂಕಿ ಹೇಗೆ ಹತ್ತಿತು ಎನ್ನುವುದು ಇಂದಿಗೂ ಗೊತ್ತಿಲ್ಲ. ಮಷೀನಿನ ವೈರಿನಿಂದ ಕಿಡಿ ಹಾರಿರಬಹುದು. ಆದರೆ ಆ ಮಳೆಗಾಲ ನಮ್ಮ ಮನೆಯಲ್ಲಿ ಹೊತ್ತು ಹುಟ್ಟಿದರೆ ಅದೇ ಜಗಳ. ಆಮೇಲೆ ಜಗಳವೂ ನಿಂತುಹೋಯಿತು. ಅದು ಇನ್ನೂ ಕೆಟ್ಟದು. "ನಿಮ್ಮ ಅಬ್ಬಾಗ ಊಟಕ್ಕ ಬಾ ಅನ್ನು," ಎಂದು ಅಮ್ಮಿ ನನಗೆ ಹೇಳುವಳು. ಮೊಳದ ದೂರದಲ್ಲಿ ಕೂತ ಅಬ್ಬಾ, "ಹಸಿವಿಲ್ಲಂತ ಹೇಳು," ಎಂದು ನನಗೇ ಹೇಳುವರು. ಅಂಗಡಿಯ ಬಾಗಿಲು ತೆರೆಯಲಿಲ್ಲ. ಮದುವೆಯ ಮನೆಯವರು ಬಂದು ಮುಚ್ಚಿದ ಬಾಗಿಲು ನೋಡಿ ತಿರುಗಿ ಹೋದರು.

ಅದೇ ದಿನಗಳಲ್ಲಿ ನಾನು ನೀರು ಹಾಕತೊಡಗಿದೆ.

ಮೊದಲ ಸಲ ಅಮ್ಮಿ ಒಲೆಗೆ ಊದುತ್ತಿದ್ದಳು. ಜ್ವಾಲೆ ಎದ್ದದ್ದು ಕಂಡಿತು. ನಾನು ಹಿಂದಿನಿಂದ ಬಂದು ಬಕೆಟ್ ಎತ್ತಿ ಸುರಿದೆ. ಬೂದಿ, ಹೊಗೆ, ಹಸಿ ಮಣ್ಣಿನ ವಾಸನೆ. ಹಂಚಿನ ಮೇಲಿನ ರೊಟ್ಟಿ ನೀರಲ್ಲಿ ತೇಲಿತು. ಅಮ್ಮಿ ಕೈಗೆ ಸಿಕ್ಕ ಕೊಳವೆಯಿಂದ ಬಾರಿಸಿದಳು. ಮರುದಿನ ಮತ್ತೆ ಸುರಿದೆ. ಸೀಮೆಎಣ್ಣೆಯ ಸ್ಟೋ ಹಚ್ಚಿದರೆ ಅದರ ಮೇಲೂ ಸುರಿದೆ. ನನ್ನನ್ನು ಕೋಣೆಯಲ್ಲಿ ಹಾಕಿ ಚಿಲಕ ಜಡಿದು ಅಡುಗೆ ಮಾಡಿದರೆ ನಾನು ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಎಷ್ಟೋ ದಿನ ನಾವು ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚಿ ಹಾಕಿಕೊಂಡು, ಶೇಂಗಾ ಹಿಂಡಿ ಕಲಸಿಕೊಂಡು ಮಲಗಿದ್ದುಂಟು. ನೆರೆಮನೆಯ ಒಲೆಗೂ ನೀರು ಬಿತ್ತು. ಓಣಿಯವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಹುಡುಗರು ಹಿಂದೆ ಬಂದು ಕೂಗುತ್ತಿದ್ದರು: "ನೀರ ಹಾಕೋ ಹುಚ್ಚಿ ಬಂದಳೋ!" ನಾನು ಕಲ್ಲು ತಗೊಂಡು ಬೀಸುತ್ತಿದ್ದೆ. ನನ್ನ ಗುರಿ ಚೆನ್ನಾಗಿತ್ತು.

ದಾದಿಮಾ ನನಗೆ ಹವಾ ತಾಕಿದೆ, ಯಾವುದೋ ಗಾಳಿ ಮೆಟ್ಟಿದೆ ಎಂದು ತೀರ್ಮಾನ ಮಾಡಿ ತೋಳಿಗೆ ತಾವೀಜು ಕಟ್ಟಿಸಿದಳು. ಆ ತಾವೀಜಿನ ಬಗ್ಗೆ ನಾನು ಹಗುರವಾಗಿ ಮಾತಾಡುವುದಿಲ್ಲ. ಮುದುಕಿ ಮೊಣಕಾಲು ನೋವಿನಲ್ಲೂ ನಡೆದು ಹೋಗಿ, ಬಿಸಿಲಲ್ಲಿ ಕೂತು, ನನಗಾಗಿ ತಂದದ್ದು ಅದು. ನಾನು ಅದನ್ನು ಬಿಚ್ಚಲಿಲ್ಲ. ನೀರು ಹಾಕುವುದನ್ನೂ ಬಿಡಲಿಲ್ಲ.

ಕೊನೆಗೆ ಸಾಲೆಯಲ್ಲಿ ಹಾಕಿದೆ. ಬಿಸಿಯೂಟದ ಕೋಣೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ಅಡುಗೆಯಾಕೆ ಬೇಳೆ ತರಲು ಹೋದಾಗ ನಾನು ಬೋರಿಂಗಿನಿಂದ ಬಕೆಟ್ ತುಂಬಿ ತಂದು ಒಲೆಗೆ ಸುರಿದೆ, ಇನ್ನೊಂದು ತಂದು ಸುರಿದೆ. ಅವತ್ತು ಇಡೀ ಸಾಲೆ ಅರೆಬೆಂದ ಅನ್ನ ನೋಡುತ್ತ ಹಸಿದು ಕೂತಿತು. ಹೆಡ್ ಮಾಸ್ತರರು ಅಬ್ಬಾ ಮತ್ತು ಅಮ್ಮಿ ಇಬ್ಬರನ್ನೂ ಕರೆಸಿದರು.

"ನಾ ಇಷ್ಟ ದಿನ ತಡಕೊಂಡೇನ್ರಿ," ಎಂದರು. "ನಾಳೆ ಈ ಪೋರಿ ಕುದಿಯೋ ಪಾತ್ರಿ ಮಕ್ಕಳ ಮ್ಯಾಲ ಕೆಡವಿದ್ರ ಯಾರ ಜವಾಬ್ದಾರಿ? ಟಿಸಿ ಕೊಡ್ತೇನಿ. ಎಲ್ಲರೆ ತೋರಸ್ರಿ, ಇಲ್ಲಾ ಮನ್ಯಾಗ ಇಟಗೋರಿ."

ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರಿಗೂ ಗೊತ್ತಿರಲಿಲ್ಲ. ಆದರೆ 'ಮನ್ಯಾಗ ಇಟಗೋರಿ' ಎಂದ ಮಾತು ಮಾತ್ರ ನಾನು ಮರೆತಿಲ್ಲ. ಹೆಣ್ಣುಮಗುವಿನ ವಿಷಯದಲ್ಲಿ ಎಲ್ಲ ಪ್ರಶ್ನೆಗೂ ಸಿದ್ಧ ಉತ್ತರ ಅದೇ ಆಗಿರುತ್ತದೆ.

ಅವತ್ತು ಸಂಜೆ ಅಬ್ಬಾ ತಮ್ಮ ನಿರ್ಧಾರ ಹೇಳಿದರು. ಈ ಸಲ ನನ್ನ ಮೂಲಕ ಹೇಳಲಿಲ್ಲ, ನೇರ ಅಮ್ಮಿಗೇ ಹೇಳಿದರು.

"ಮುನ್ನಿನ್ನ ಜೇವರ್ಗಿಗಿ ನಮ್ಮ ಅಕ್ಕನ ಮನಿಗಿ ಕಳಸ್ತೇನಿ. ಸಾಲಿ ಸಾಕು. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಮನಿ ಕೆಲಸ ಮಾಡ್ಕೊಂಡ ಇರ್ತಾಳ."

ಅಮ್ಮಿ ರಿಯಾಜ್‌ನ ಪಟ್ಟಿ ಬಿಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಈಕಿ ಜೇವರ್ಗಿಗಿ ಹೋದ್ರ, ನಾ ಇವನ್ನ ಕರಕೊಂಡು ಅಫಜಲಪುರಕ್ಕ ನಮ್ಮ ಅಪ್ಪನ ಮನಿಗಿ ಹೋಗ್ತೇನಿ. ತಿರಗಿ ಬರಂಗಿಲ್ಲ," ಎಂದಳು. "ದವಾಖಾನ್ಯಾಗ ಒಬ್ಬ ಸಿಸ್ಟರ್ ಹೇಳ್ಯಾಳ. ಇಲ್ಲೇ ಬಸ್‌ಸ್ಟ್ಯಾಂಡ್ ಹಿಂದ ಕೂಸುಗಳಿಗಿ ಸೂಜಿ ಹಾಕೋ ಕಟ್ಟಡದಾಗ ಒಬ್ಬ ಮೇಡಂ ಬರ್ತಾಳಂತ, ವಾರಕ್ಕೊಮ್ಮೆ. ಮಕ್ಕಳ ಜೋಡಿ ಮಾತಾಡ್ತಾಳಂತ. ಅಲ್ಲಿಗಿ ಒಯ್ತೇನಿ."

"ಹುಚ್ಚರ ಡಾಕ್ಟರ್ ಕಡಿ?" ದಾದಿಮಾ ಎದೆಗೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ! ನಾಳೆ ಈಕಿನ್ನ ಯಾರ ಮಾಡ್ಕೋತಾರ ಬೇ? ಹೋಗೋದ ಇದ್ರ ಹಿಂದಿನ ಸಂದಿಲಿಂದ ಹೋಗು, ಮುಖ ಮುಚ್ಚಗೊಂಡು."

ಅಮ್ಮಿ ಹಿಂದಿನ ಸಂದಿಯಿಂದ ಹೋಗಲಿಲ್ಲ. ಆ ಗುರುವಾರ ನನ್ನ ತಲೆಗೆ ಎಣ್ಣೆ ಹಚ್ಚಿ, ಕೆಂಪು ರಿಬ್ಬನ್ ಹಾಕಿ ಎರಡು ಜಡೆ ಹೆಣೆದಳು. ಈದ್‌ಗೆ ಹೊಲಿಸಿದ ಅಂಗಿ ತೊಡಿಸಿದಳು. ಬುರ್ಖಾ ಹಾಕಿಕೊಂಡಳು, ಮುಖದ ಪರದೆ ಮೇಲಕ್ಕೆ ಎತ್ತಿದಳು. ನನ್ನ ಕೈ ಹಿಡಿದು ನಡುಬಜಾರದಲ್ಲಿ ನಡೆದಳು. ಕಿರಾಣಿ ಅಂಗಡಿ, ಬಳೆ ಅಂಗಡಿ, ಮಿರ್ಚಿ ಭಜಿಯ ಗಾಡಿ ಎಲ್ಲದರ ಮುಂದೆ. ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಬಳೆ ಅಂಗಡಿಯಾಕೆ ಕೇಳಿಯೇಬಿಟ್ಟಳು.

"ಎಲ್ಲಿಗ್ ಹೊಂಟೀರಿ, ಮಗಳ ಕರಕೊಂಡು?"

"ಮಗಳ ಮನಸ್ಸಿಗಿ ಗಾಯ ಆಗ್ಯದ್ರಿ," ಎಂದಳು ಅಮ್ಮಿ, ಆಚೆ ಬದಿಯ ಅಂಗಡಿಗೂ ಕೇಳುವ ಹಾಗೆ. "ಮಗನ ಕೈಗಿ ಗುಲಬರ್ಗಾದಾಗ ತೋರಿಸಿದೆ. ಈಕಿಗಿ ಇಲ್ಲಿ ತೋರಸ್ತೇನಿ."

ಅಷ್ಟು ದಿನ ನನ್ನನ್ನು ಹೊಡೆದ ಕೈ ಅದೇ. ಅವತ್ತು ಆ ಕೈ ಬೆವತಿತ್ತು, ಆದರೆ ನನ್ನ ಬೆರಳುಗಳನ್ನು ಬಿಡಲಿಲ್ಲ. ನಾನು ತಲೆ ಎತ್ತಿ ನಡೆದೆ. ಹಾಗೆ ನಡೆಯುವುದನ್ನು ನಾನು ಕಲಿತದ್ದು ಆ ಬಜಾರದಲ್ಲಿ.

ಮಹಾದೇವಿ ಮೇಡಂ ಕಡಗಂಚಿಯ ಕಡೆಯವರು. ಕೆಂಪು ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದರು. ದಪ್ಪ ಕನ್ನಡಕ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಕೋಣೆಯಲ್ಲಿ ಒಂದು ಚಾಪೆ, ಎರಡು ಕುರ್ಚಿ, ಮೂಲೆಯಲ್ಲಿ ಒಂದು ಸಣ್ಣ ಸ್ಟೋ. ಸ್ಟೋ ಕಂಡ ತಕ್ಷಣ ನನ್ನ ಕಣ್ಣು ನೀರು ಹುಡುಕಿತು.

ಅಮ್ಮಿ ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಆಮೇಲೆ ಎದ್ದು ಹೊರಗೆ ಹೋಗಿ, ತಾವೇ ಒಂದು ಬಕೆಟ್ ನೀರು ತುಂಬಿ ತಂದು ಸ್ಟೋ ಪಕ್ಕ ಇಟ್ಟರು.

"ಇದು ನಿಂದು," ಎಂದರು ನನಗೆ. "ಇಲ್ಲೇ ಇರ್ತದ. ನನಗ ಚಹಾ ಕುಡಿಯೋ ಚಟ ಅದ. ಸ್ಟೋ ಹಚ್ಚಲೇನು? ನೀ ಹಚ್ರಿ ಅಂದ್ರ ಹಚ್ತೇನಿ, ಬ್ಯಾಡ ಅಂದ್ರ ಇಲ್ಲ."

ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ.

"ಆತು," ಎಂದು ತಂಬಿಗೆಯ ತಣ್ಣೀರು ಕುಡಿದರು.

ಮೊದಲ ದಿನ ಬೆಂಕಿಯ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಹತ್ತಿ ಹೇಗೆ ಹಿಂಜುತ್ತಾರೆ, ಗಾದಿಯ ಮೂಲೆ ಹೇಗೆ ಹೊಲಿಯುತ್ತಾರೆ, ಕುಂಟಬಿಲ್ಲೆಯಲ್ಲಿ ನನ್ನನ್ನು ಸೋಲಿಸುವವರು ಯಾರು ಎಂದೆಲ್ಲ ಕೇಳಿದರು. ಬೆಂಕಿ ಬಿದ್ದ ಮೇಲೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಎಲ್ಲರೂ ಹೇಳುವವರೇ. ಮುಂದಿನ ಗುರುವಾರ ಮತ್ತೆ ಸ್ಟೋ ಬಗ್ಗೆ ಕೇಳಿದರು. ನಾನು ಮತ್ತೆ ಬೇಡ ಎಂದೆ. ಮತ್ತೆ ತಣ್ಣೀರು ಕುಡಿದರು. ಹೀಗೆ ಎಷ್ಟೋ ಗುರುವಾರ. ದೊಡ್ಡವರೊಬ್ಬರು ನನ್ನ ಮಾತಿಗೆ ಕಾದು ಚಹಾ ಬಿಟ್ಟದ್ದು ನೋಡಿ ನನಗೇ ಪಾಪ ಅನ್ನಿಸುತ್ತಿತ್ತು. ಆದರೂ ಬೇಡ ಎನ್ನುತ್ತಿದ್ದೆ.

ಒಂದು ದಿನ ಅವರು ಮೆಲ್ಲಗೆ ಕೇಳಿದರು.

"ಮುನ್ನಿ, ನೀ ಒಲಿಗಿ ನೀರ ಹಾಕ್ತಿ ಅಂತ ಎಲ್ಲಾರೂ ಹೇಳ್ತಾರ. ನನಗ ಹಂಗ ಕಾಣಂಗಿಲ್ಲ. ನೀ ಕಾವಲ ಕಾಯಾಕತ್ತಿ ಅನಸ್ತದ. ಯಾರನ್ನ ಕಾಯಾಕತ್ತಿ?"

ನಾನು ಬಕೆಟ್‌ನ ಕಡೆ ನೋಡಿದೆ.

"ಎಲ್ಲಾರನ್ನ," ಎಂದೆ.

"ರಾತ್ರಿ ಹಗಲ?"

"ಹೌದ್ರಿ."

"ಮತ್ತ ನಿನ್ನ ಯಾರ ಕಾಯ್ತಾರ?"

ಯೋಚನೆ ಮಾಡಿದೆ. ಅಬ್ಬಾ ಮಾತಾಡುವುದಿಲ್ಲ. ಅಮ್ಮಿಗೆ ರಿಯಾಜ್‌ನ ಕೈ. ದಾದಿಮಾಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಯಾರೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ, ಅಳು ಬಂತು. ಬೆಂಕಿ ಬಿದ್ದ ದಿನದಿಂದ ನಾನು ಅತ್ತಿರಲಿಲ್ಲ. ಅವತ್ತು ಎಷ್ಟು ಹೊತ್ತು ಅತ್ತೆನೋ, ಮೇಡಂ ಸುಮ್ಮನಿರು ಎನ್ನಲಿಲ್ಲ. ಚಾಪೆಯ ಮೇಲೆ ನನ್ನ ಪಕ್ಕ ಬಂದು ಕೂತರು, ಅಷ್ಟೇ.

ಅದೇ ಸಂಜೆ ಅವರು ನಮ್ಮ ಮನೆಗೆ ಬಂದರು. ಅಬ್ಬಾ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲಿನ ಮಸಿಯನ್ನು ಇನ್ನೂ ತೊಳೆದಿರಲಿಲ್ಲ.

"ನಿಮ್ಮ ಮಗಳು ಶಾಣ್ಯಾಕಿ ಇದ್ದಾಳ್ರಿ," ಎಂದರು ಮೇಡಂ. "ಆದ್ರ ಇನ್ನ ಮುಂದಿಂದು ನನ್ನ ಒಬ್ಬಾಕಿ ಕೈಲೆ ಆಗಂಗಿಲ್ಲ. ನೀವೂ ಬರಬೇಕು."

ಅಬ್ಬಾ ಸಿಟ್ಟಿಗೆದ್ದರು. "ಎದಕ್ರಿ? ಎಲ್ಲಾರ ಮುಂದ ತಪ್ಪ ನಂದೇ ಅಂತ ಹೇಳಸಾಕ?"

"ತಪ್ಪ ಹುಡುಕೋದು ಪೊಲೀಸ್ರ ಕೆಲಸರಿ, ನಂದಲ್ಲ," ಎಂದರು ಅವರು. "ನಿಮ್ಮ ಮನ್ಯಾಗ ಬೆಂಕಿ ಬಿದ್ದದ್ದು ಒಂದೇ. ಆದ್ರ ನಾಕೂ ಮಂದಿ ಒಬ್ಬೊಬ್ಬರೇ ಅದರಾಗ ಕುಂತೀರಿ. ಅದಕ್ಕ ಬರ್ರಿ ಅಂತೇನಿ."

ಮುಂದಿನ ಗುರುವಾರ ನಾವು ಹೊರಟಾಗ ಅಬ್ಬಾ ಕಟ್ಟೆಯ ಮೇಲೆಯೇ ಇದ್ದರು. ಬಜಾರ ದಾಟುವಾಗ ಹಿಂತಿರುಗಿ ನೋಡಿದೆ. ತುಸು ದೂರ ಬಿಟ್ಟು, ಟೋಪಿ ಸರಿಮಾಡಿಕೊಳ್ಳುತ್ತ ಬರುತ್ತಿದ್ದರು. ಅವರ ಹಿಂದೆ ಕೋಲು ಊರುತ್ತ ದಾದಿಮಾ.

ದಾದಿಮಾ ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕೂತಳು. ಒಳಗೆ ಚಾಪೆಯ ಮೇಲೆ ನಾವು ನಾಲ್ವರು. ಮೇಡಂ ಒಂದೇ ನಿಯಮ ಹೇಳಿದರು. ಬೆಂಕಿ ಬಿದ್ದಾಗ ಯಾರು ಎಲ್ಲಿದ್ದರು, ಏನು ಕಂಡರು ಎಂದು ಒಬ್ಬೊಬ್ಬರೇ ಹೇಳಬೇಕು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕಬಾರದು.

ಅಮ್ಮಿ ಮೊದಲು ಹೇಳಿದಳು. ರಿಯಾಜ್ ಚೀರಿದ್ದು ಅವಳಿಗೆ ಕೇಳಿಸಿತ್ತು. ಆಡುವಾಗ ಯಾವಾಗಲೂ ಚೀರುತ್ತಿದ್ದ. "ಸುಮ್ಮ ಕೂಡ್ರಿ ಅಂತ ಅಲ್ಲಿಂದನ ಒದರಿದೆ," ಎಂದಳು. "ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದೆ. ಅದು ಉಬ್ಬೋ ತನಕಾ ಕುಂತೆ. ಎದ್ದು ಹೋಗಲಿಲ್ಲ." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಲೋಟದ ನೀರಿನ ಬಗ್ಗೆ ಹೇಳಿದೆ. ಅಷ್ಟೇ ನೀರು ಇತ್ತು, ಅಷ್ಟೇ ಹಾಕಿದೆ ಎಂದೆ. ಅಬ್ಬಾ ನನ್ನನ್ನೇ ನೋಡುತ್ತಿದ್ದರು. ನಾನು ಆ ಬಾಗಿಲಲ್ಲಿ ನಿಂತಿದ್ದೆ ಎನ್ನುವುದು ಅಷ್ಟು ದಿನ ಅವರಿಗೆ ಗೊತ್ತೇ ಇರಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ.

ಆಮೇಲೆ ಅಬ್ಬಾ ನೆಲ ನೋಡುತ್ತ ಹೇಳಿದರು.

"ಚಹಾದ ಅಂಗಡ್ಯಾಗ ಕುಂತಿದ್ದೆ. ಹೊಗಿ ಕಂಡಿತ್ತು ನನಗ. ಯಾರೋ ಕಸ ಸುಡಾಕತ್ತಾರ ಅನ್ಕೊಂಡೆ. ಚಹಾ ಬಿಸಿ ಇತ್ತು. ಊದಿ ಊದಿ, ಪೂರಾ ಮುಗಿಸಿ ಎದ್ದೆ."

ಅಮ್ಮಿ ನಿಯಮ ಮುರಿದಳು. "ನಿಮಗ ಹ್ಯಾಂಗ ಗೊತ್ತಾಗಬೇಕ್ರಿ ಅದು?" ಎಂದಳು. ತಿಂಗಳುಗಳ ನಂತರ ಅವಳು ಅವರ ಮುಖ ನೋಡಿ ಆಡಿದ ಮೊದಲ ಮೆತ್ತನೆಯ ಮಾತು ಅದು. ಅಬ್ಬಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು. ಗಂಡಸರು ಹಾಗೆ ಅಳುವುದನ್ನು ನಾನು ಅದೇ ಮೊದಲು ಕಂಡದ್ದು.

ಉಳಿದವನು ರಿಯಾಜ್. ಅವನು ಲವಂಗದ ಡಬ್ಬಿ ಜೊತೆ ಆಡುತ್ತಿದ್ದ.

"ನನಗೇನೂ ನೆನಪಿಲ್ಲ," ಎಂದ. "ನೀವೆಲ್ಲಾ ಎದಕ ಅಳಾಕತ್ತೀರಿ? ಕೈ ನಂದು ಸುಟ್ಟದ." ಆಮೇಲೆ ಮೇಡಂ ಕಡೆಗೆ ತಿರುಗಿ ದೂರು ಕೊಟ್ಟ. "ಆಪಾ ಆಡಾಕ ಬರವಲ್ಲಳ್ರಿ. ಒಲಿ ಮುಂದನ ನಿಂತಿರ್ತಾಳ."

ಹೊಸ್ತಿಲ ಹೊರಗೆ ದಾದಿಮಾ ಜೋರಾಗಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಮೇಡಂ ಅಬ್ಬಾನನ್ನು ಕೇಳಿದರು: "ಈಗ ಈ ಕೂಸು ಆಡಾಕ ಹೋಗಬೇಕಂದ್ರ ಆ ಕಾವಲಿಗಿ ಯಾರರೆ ಬೇಕಲ್ರಿ?"

ಅಬ್ಬಾ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಮುನ್ನಿ, ಇವತ್ತಿಂದ ಒಲಿ ನಾ ಕಾಯ್ತೇನಿ. ನೀ ಆಡಾಕ ಹೋಗು."

ಬಾಯಿಮಾತಿಗೆ ಹೇಳಿದರು ಎಂದು ತಿಳಿದಿದ್ದೆ. ಮರುದಿನ ಬೆಳಗ್ಗೆ ಅಮ್ಮಿ ಒಲೆ ಹಚ್ಚುವ ಮುಂಚೆ ಅಬ್ಬಾ ಒಂದು ಮಣೆ ಹಾಕಿಕೊಂಡು ಒಲೆಯ ಪಕ್ಕ ಕೂತರು. ತೊಡೆಯ ಬದಿಗೆ ತುಂಬಿದ ಬಕೆಟ್. ಬೆಂಕಿ ಆರಿ ಬೂದಿಯಾಗುವ ತನಕ ಏಳಲಿಲ್ಲ. ಸಂಜೆ ಮತ್ತೆ ಕೂತರು. ಮಳೆ ಸುರಿಯುತ್ತಿದ್ದ ಆ ದಿನಗಳಲ್ಲೆಲ್ಲ, ಹೊಗೆ ಹೊರಗೆ ಹೋಗದೆ ಕಣ್ಣು ಉರಿಯುತ್ತಿದ್ದರೂ ಕೂತರು. ಓಣಿಯ ಗಂಡಸರಿಗೆ ನಗಲು ಅದಕ್ಕಿಂತ ಒಳ್ಳೆಯ ವಿಷಯ ಬೇಕಿರಲಿಲ್ಲ.

"ಏನ್ ಮೌಲಾಸಾಬ, ಗಾದಿ ಬಿಟ್ಟು ರೊಟ್ಟಿ ಬಡಿಯಾಕ ಕಲಿಯಾಕತ್ತಿಯೇನು?"

"ಕಲತ್ರ ನಿನಗೂ ಒಂದ ಕೊಡ್ತೇನಿ, ಬಾ," ಎನ್ನುತ್ತಿದ್ದರು ಅಬ್ಬಾ ಕೂತಲ್ಲಿಂದಲೇ.

ಆ ಮಣೆಯ ಮೇಲೆ ಕೂತು ಅವರೂ ಅಮ್ಮಿಯೂ ಮತ್ತೆ ಮಾತಾಡತೊಡಗಿದರು. ಮೊದಲು ಉಪ್ಪು, ಕಟ್ಟಿಗೆ, ಮಳೆ. ಆಮೇಲೆ ರಿಯಾಜ್‌ನ ಕೈ. ಆಮೇಲೆ ಅಂಗಡಿ. ನಾನು ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತ, ಒಂದು ಕಾಲಿನಲ್ಲಿ ನಿಂತೇ ಒಳಗೆ ಇಣುಕುತ್ತಿದ್ದೆ. ಪ್ರತಿಸಲವೂ ಅವರು ಅಲ್ಲೇ ಇರುತ್ತಿದ್ದರು, ಪ್ರತಿಸಲವೂ ಕೈ ಎತ್ತಿ ತೋರಿಸುತ್ತಿದ್ದರು. ಇಣುಕುವುದು ನಿಧಾನವಾಗಿ ಕಡಿಮೆಯಾಯಿತು.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಬಕ್ರೀದ್ ದಿನ ಅಂಗಳದಲ್ಲಿ ದೊಡ್ಡ ಒಲೆ ಹೂಡಿದಾಗ, ಅಷ್ಟು ಎತ್ತರದ ಜ್ವಾಲೆ ಕಂಡು ನಾನು ಮತ್ತೆ ನೀರು ಸುರಿದೆ. ನೆಂಟರೆಲ್ಲ ಬೈದರು. ಇಷ್ಟು ದಿನ ಆ ಮೇಡಂ ಏನು ಮಾಡಿದಳು ಎಂದು ಒಬ್ಬರು ನಕ್ಕರು. ನಾನು ಮೂಲೆಯಲ್ಲಿ ಹೋಗಿ ಕೂತೆ. ಆಗ ಅಮ್ಮಿ ಬಂದು ಕಟ್ಟಿಗೆ ಬದಲಿಸಿ ಒಲೆ ಮತ್ತೆ ಹಚ್ಚಿದಳು, ಅಬ್ಬಾ ಬಕೆಟ್ ಮತ್ತೆ ತುಂಬಿಟ್ಟರು. ಯಾರೂ ನನ್ನನ್ನು ಹೊಡೆಯಲಿಲ್ಲ. ಬಿರ್ಯಾನಿ ತಡವಾಯಿತು, ಅಷ್ಟೇ.

ಸಾಲೆಯ ವಿಷಯ ಉಳಿದಿತ್ತು. ಒಂದು ದಿನ ಅಬ್ಬಾ, ಅಮ್ಮಿ, ಮೇಡಂ ಮೂವರೂ ಹೋದರು. ನಾನೂ ಇದ್ದೆ. ಮೇಡಂ ವಿವರಿಸಿದ್ದನ್ನು ಹೆಡ್ ಮಾಸ್ತರರು ಕೇಳಿದರು, ಆದರೂ ಅನುಮಾನ ಹೋಗಲಿಲ್ಲ.

"ಮತ್ತ ಹಂಗ ಮಾಡಿದ್ರ?" ಎಂದರು.

"ಮಾಡಬಹುದ್ರಿ, ಮಾಡಂಗಿಲ್ಲಂತ ನಾ ಹೇಳಂಗಿಲ್ಲ," ಎಂದರು ಅಬ್ಬಾ. ದೊಡ್ಡವರ ಮುಂದೆ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಊಟದ ಹೊತ್ತಿಗಿ ನಾ ಬಂದು ನಿಮ್ಮ ಅಡಗಿ ಕ್ವಾಣಿ ಮುಂದ ಕೂಡ್ತೇನಿ, ಈಕಿ ಸಾಕನ್ನೋ ತನಕಾ. ಆದ್ರ ಟಿಸಿ ಮಾತ್ರ ತಗೊಳಂಗಿಲ್ಲ. ನನ್ನ ಮಗಳು ಸಾಲಿ ಬಿಡಂಗಿಲ್ಲ."

ಹಾಗೇ ಬಂದು ಕೂತರು. ನಾನು ಬೋರಿಂಗು ಹೊಡೆದು ಅಡುಗೆಯಾಕೆಗೆ ನೀರು ತುಂಬಿ ಕೊಡುತ್ತಿದ್ದೆ, ಬೇಳೆ ತೊಳೆಯಲು. ಆಕೆ ಮೊದಮೊದಲು ಬಕೆಟ್ ಕಂಡರೆ ಸೆರಗು ಕಟ್ಟಿ ಒಲೆಗೆ ಅಡ್ಡ ನಿಲ್ಲುತ್ತಿದ್ದಳು. ಆಮೇಲೆ ನನಗೆಂದೇ ಅನ್ನದ ತಳ ಕೆರೆದು ತೆಗೆದಿಡತೊಡಗಿದಳು.

ಚಳಿ ಶುರುವಾದ ಮೇಲಿನ ಒಂದು ಗುರುವಾರ ಮಹಾದೇವಿ ಮೇಡಂ ಎಂದಿನಂತೆ ಕೇಳಿದರು: "ಸ್ಟೋ ಹಚ್ಚಲೇನು?"

"ಹಚ್ರಿ," ಎಂದೆ.

ಅವರು ನನ್ನನ್ನು ಒಮ್ಮೆ ನೋಡಿ ಕಡ್ಡಿ ಗೀರಿದರು. ನೀಲಿ ಜ್ವಾಲೆ ಭುಗ್ ಎಂದಿತು. ನನ್ನ ಕೈ ಬಕೆಟ್‌ನ ಅಂಚಿನ ಮೇಲಿತ್ತು, ಬೆರಳು ಬಿಳಿಚಿದ್ದವು. ಚಹಾ ಉಕ್ಕುವ ತನಕ ಹಾಗೇ ಹಿಡಿದುಕೊಂಡಿದ್ದೆ. ಶುಂಠಿ ಜಜ್ಜಿ ಹಾಕಿದ ಚಹಾ. ಬಸಿಯಲ್ಲಿ ಹಾಕಿ ನನಗೂ ಕೊಟ್ಟರು. ಎಷ್ಟೋ ಹಬ್ಬದ ಊಟ ಉಂಡಿದ್ದೇನೆ, ಆ ಚಹಾದ ರುಚಿ ಮತ್ತೆ ಸಿಕ್ಕಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಮೇಡಂಗೆ ಬೇರೆ ಕಡೆ ವರ್ಗವಾಯಿತು. ಯಾವ ಊರು ಎಂದು ಅಮ್ಮಿ ಕೇಳಿ ಇಟ್ಟುಕೊಳ್ಳಲಿಲ್ಲ. ಅವರ ಜಾಗಕ್ಕೆ ಕೆಲವು ದಿನ ಒಬ್ಬರು ಬಂದ ಹಾಗಿತ್ತು, ಆಮೇಲೆ ಯಾರೂ ಬರಲಿಲ್ಲ. ಆ ಕಟ್ಟಡವನ್ನೇ ಈಗ ಕೆಡವಿದ್ದಾರೆ. ಸಾಲು ಅಂಗಡಿಗಳು ಎದ್ದಿವೆ. ಅಬ್ಬಾ ಮಷೀನು ರಿಪೇರಿ ಮಾಡಿಸಿ ಬಹಳ ವರ್ಷ ಗಾದಿ ಹೊಲಿದರು. ರಿಯಾಜ್ ಸುಟ್ಟ ಕೈಯಲ್ಲೇ ಗೇರು ಬದಲಿಸುತ್ತ ಶಹಾಬಾದಿನ ಕಡೆ ಲಾರಿ ಓಡಿಸುತ್ತಾನೆ. ದಾದಿಮಾ ತೀರಿಕೊಂಡಳು, ಹೋದ ವರ್ಷ ಅಬ್ಬಾ ಕೂಡ. ಅಂಗಡಿ ಬೇರೆಯವರ ಕೈಗೆ ಹೋದ ಮೇಲೆ ನನ್ನ ಬಟ್ಟೆಗೆ ಆ ವಾಸನೆ ಇಲ್ಲ. ದವಾಖಾನೆಯಲ್ಲಿ ಗಾಯಕ್ಕೆ ಹತ್ತಿ ಒತ್ತುವಾಗ ಒಮ್ಮೊಮ್ಮೆ ಮೂಗಿನ ಹತ್ತಿರ ಹಿಡಿಯುತ್ತೇನೆ. ಬರಿ ಔಷಧಿಯ ವಾಸನೆ ಬರುತ್ತದೆ.

ಇವೆಲ್ಲ ಹೋಗುವಂಥವೇ, ಹೋದವು. ನನಗೆ ಸಿಟ್ಟು ಬರುವುದು ಆ ಕೋಣೆ ಹೋದದ್ದಕ್ಕೆ. ನಡೆದು ಹೋಗುವಷ್ಟು ಹತ್ತಿರ, ಬಾಗಿಲು ತೆರೆದ, ಒಂದು ಚಾಪೆ ಹಾಸಿದ ಕೋಣೆ. ಅಷ್ಟು ಸಣ್ಣದನ್ನು ಉಳಿಸಿಕೊಳ್ಳಲು ನಮಗೆ ಆಗಲಿಲ್ಲ. ಅದು ಬೇಕು ಎಂದು ಕೇಳಿದವರೂ ಇರಲಿಲ್ಲ. ಕೇಳಿದರೆ ನಾವೂ ಅಲ್ಲಿಗೆ ಹೋಗಿದ್ದೆವು ಎಂದು ಜನರಿಗೆ ಗೊತ್ತಾಗುತ್ತದಲ್ಲ! ನಾನು ಮಾತ್ರ ಈಗ ಸಭೆ ಸಿಕ್ಕಲ್ಲೆಲ್ಲ ಎದ್ದು ನಿಂತು ಕೇಳುತ್ತೇನೆ. ಇಲಾಖೆಯ ಮೇಲಿನವರು ನನ್ನನ್ನು ಕಂಡರೆ ಕಾಗದ ಮಡಚಿಕೊಳ್ಳುತ್ತಾರೆ.

ಮೊನ್ನೆ ಅಫಜಲಪುರದಿಂದ ಮಾಮಾನ ಮಗಳು ಫೋನ್ ಮಾಡಿದ್ದಳು. ಅವಳ ಮಗ ಸಾಲೆಗೆ ಹೋಗುವುದನ್ನು ಬಿಟ್ಟು ಕೋಣೆ ಸೇರಿದ್ದಾನೆ, ಊಟ ಬಾಗಿಲಿಗೆ ಒಯ್ದು ಇಡಬೇಕು, ಮಾತಿಲ್ಲ. ಮನೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದಾರೆ. ದನಿ ತಗ್ಗಿಸಿ, ಪಕ್ಕದಲ್ಲಿ ಯಾರಿಗೂ ಕೇಳಿಸದಂತೆ ಕೇಳಿದಳು.

"ಆಪಾ, ನಿಮ್ಮ ಆ ಮೇಡಂ ಈಗ ಎಲ್ಲಿದ್ದಾರ?"

"ಗೊತ್ತಿಲ್ಲವಾ. ಗುಲಬರ್ಗಾದಾಗ ಬ್ಯಾರೆ ಒಬ್ಬರು ಇದ್ದಾರ. ನಾನೂ ರಜಾ ಹಾಕಿ ಬರ್ತೇನಿ, ಸೋಮವಾರ ಕೂಡಿ ಹೋಗೂನು. ನೀವಿಬ್ಬರೂ ಬರ್ರಿ, ಅವನ ಅಬ್ಬಾನೂ ಬರಬೇಕು."

"ಬರ್ತಾರ, ಹೆಂಗರ ಒಪ್ಪಸ್ತೇನಿ. ಆದ್ರ ಬಸ್‌ಸ್ಟ್ಯಾಂಡಿನ್ಯಾಗ ನಮ್ಮ ಮಂದೀನ ಇರ್ತಾರ. ಎಲ್ಲಿಗಿ ಅಂತ ಕೇಳಿದ್ರ ಏನ ಹೇಳಲಿ?"

"ಇದ್ದದ್ದ ಹೇಳು," ಎಂದೆ. "ಅವರ ಮನ್ಯಾಗೂ ಮಕ್ಕಳಿದ್ದಾವ. ಅವರಿಗೂ ಹಾದಿ ಗೊತ್ತಾಗಲಿ."